ಸೇರಿನೊಳಗಿನ ಹೆಬ್ಬೆರಳು

ತೋಳಹುಣಸೆಯಲ್ಲಿ ಬಸ್ಸಿಳಿದು ಬಿಸಿಲು ತುಳಿದು
ಪರೀಕ್ಷಾ ವಿಭಾಗ ಮುಟ್ಟುವಾಗ ಹನ್ನೊಂದೂಕಾಲು.
ಕಿಟಕಿ ತೆರೆದಿತ್ತು. ಕುರ್ಚಿ ಖಾಲಿ.
ಕುರ್ಚಿಯ ಬೆನ್ನಿಗೆ ಹಸಿರು ಟವೆಲೊಂದು
ಸಾಹೇಬರ ಪರವಾಗಿ ಕೂತಿತ್ತು.

ಸಂಖ್ಯಾಶಾಸ್ತ್ರ. ಎಂಬತ್ತಕ್ಕೆ ಇಪ್ಪತ್ತಾರು.
ಇನ್ನೆರಡಿದ್ದರೆ ಪಾಸು.
ಎರಡೆಂದರೆ ಎಷ್ಟು? ಅಬ್ಬಾನ ಭಟ್ಟಿಯಲ್ಲಿ ನೆಲಕ್ಕೆ ಬಿದ್ದು
ಚಪ್ಪಲಿಗಂಟಿ ಮನೆಗೆ ಬರುವ
ಎರಡು ಕಾಳು ಮಂಡಕ್ಕಿ.

ಅಳಲೆಂದೇ ಕೂತವಳಿಗೆ ಅಬ್ಬಾ ಅಂದ,
ಮುಖದ ಬೂದಿ ಒರೆಸಿಕೊಳ್ಳುತ್ತ:
"ಸೇರು ನೋಡಬ್ಯಾಡ, ಸೇರು ಹಿಡಿದವನ ಹೆಬ್ಬೆರಳು ನೋಡು.
ಅದು ಒಳಗಿದ್ರೆ ಒಂದು ಹಿಡಿ ಕಡಿಮೆ ಬೀಳ್ತೈತಿ.
ಹಂಗಂತ ಅವ ಕಳ್ಳ ಅಲ್ಲ, ಕೈ ಸೋತಿರ್ತೈತಿ.
ಸುರುವಿ ಇನ್ನೊಮ್ಮೆ ಅಳಿ ಅನ್ನು.
ಕೇಳೋದು ಜಗಳ ಅಲ್ಲ, ವ್ಯಾಪಾರ."

ಕೇಳಲಿಕ್ಕೂ ಒಂದು ವ್ಯಾಕರಣ ಇದೆ, ಕಲಿತೆ.
ಮರುಎಣಿಕೆ ಅಂದರೆ ಇದ್ದ ಅಂಕಗಳನ್ನೇ ಮತ್ತೆ ಕೂಡುವುದು.
ಮರುಮೌಲ್ಯಮಾಪನ ಅಂದರೆ ಇನ್ನೊಬ್ಬರು ಮೊದಲಿಂದ ಓದುವುದು.
ಅದಕ್ಕೂ ಮೊದಲು ಉತ್ತರಪತ್ರಿಕೆಯ ನಕಲು ತರಿಸಬೇಕು,
ಅದಕ್ಕೊಂದು ಚಲನ್, ಇದಕ್ಕೊಂದು ಚಲನ್,
ಪ್ರಾಂಶುಪಾಲರ ಸಹಿ, ಮೊಹರು, ಕೊನೇ ದಿನಾಂಕ.
ಕೊನೇ ದಿನಾಂಕ ಇವತ್ತು.

ನಕಲು ಹೋದ ವಾರವೇ ಬಂದಿತ್ತು.
ಜೆರಾಕ್ಸಿನಲ್ಲಿ ಕೆಂಪೂ ಕಪ್ಪೇ. ನನ್ನ ಅಕ್ಷರ
ಪಕ್ಕದ ಮನೆಯ ಹುಡುಗಿಯದೆನ್ನಿಸಿತು.
ಗೆದ್ದೆನೆಂದುಕೊಂಡಿದ್ದ ನಾಲ್ಕನೆಯ ಉತ್ತರ ನಿಜಕ್ಕೂ ತಪ್ಪು:
ವರ್ಗಮೂಲ ಮರೆತಿದ್ದೆ.
ಅದಕ್ಕೂ ಒಂದಂಕ ಇಟ್ಟವರ ಕರುಣೆಗೆ ನಾಚಿದೆ.
ಆದರೆ ಹದಿನಾಲ್ಕು, ಹದಿನೈದನೆಯ ಪುಟ?
ಸರಿಯಿಲ್ಲ, ತಪ್ಪಿಲ್ಲ, ಒಂದು ಗೀಟೂ ಇಲ್ಲ,
ಯಾರೂ ಕಾಲಿಡದ ಅಂಗಳ.
ಹದಿಮೂರರ ಕೊನೆಗೆ ಏಳು ಅಂಕ,
ಏಳರ ಸೊಂಟಕ್ಕೊಂದು ಗೆರೆ.
ಆಮೇಲೆ ನೇರ ಹದಿನಾರು.

ಸಾಲಿನಲ್ಲಿ ನನ್ನ ಹಿಂದೆ ಒಬ್ಬರು ಅತಿಥಿ ಉಪನ್ಯಾಸಕರು,
ಜಗಳೂರು ಕಡೆಯವರು, ಹೆಸರು ತಿಪ್ಪೇರುದ್ರಪ್ಪ,
ಬ್ಯಾಗಿನ ಜಿಪ್ಪು ಕಿತ್ತು ಪಿನ್ನು ಹಾಕಿದ್ದಾರೆ.
ಮೌಲ್ಯಮಾಪನದ ಬಿಲ್ಲು ಹೋದ ಸಲದ್ದೂ ಬಂದಿಲ್ಲ,
ಈ ಸಲದ್ದೂ ಬಂದಿಲ್ಲ.
"ದಿನಕ್ಕೆ ನಲವತ್ತು ಪತ್ರಿಕೆ ಕಣಮ್ಮ.
ಮೂವತ್ತು ದಾಟಿದ ಮೇಲೆ ಅಕ್ಷರ ಎಲ್ಲ ಇರುವೆ ಆಗ್ತವೆ."

ಪೆನ್ನು ಕೇಳಿದೆ. ಕೊಟ್ಟರು. ಕೆಂಪು.
ತಾವೇ ನಕ್ಕು, ಜೇಬೆಲ್ಲ ತಡಕಿ ನೀಲಿ ಹುಡುಕಿ,
"ಚೆನ್ನಾಗಿ ಬರೆದಿದ್ದೆ ಅಂತ ಹಾಕಬ್ಯಾಡ,
ಎಲ್ರೂ ಅದನ್ನೇ ಹಾಕ್ತಾರೆ. ಪುಟದ ನಂಬರು ಹಾಕು.
ನಂಬರಿಗೆ ಯಾರೂ ಎದುರಾಡಲ್ಲ" ಅಂದರು.

ಅವರೂ ಗೋಡೆಗೆ ಒತ್ತಿಕೊಂಡು ಬಿಲ್ಲು ತುಂಬುತ್ತಿದ್ದರು.
ಪತ್ರಿಕೆಗಳ ಸಂಖ್ಯೆ: ಮುನ್ನೂರ ಎಪ್ಪತ್ತೇಳು.
ಎರಡು ಏಳು.
ಎರಡರ ಸೊಂಟಕ್ಕೂ ಗೆರೆ.

ಏಳಕ್ಕೆ ಉಡಿದಾರ ಕಟ್ಟುವವರು ಊರಲ್ಲಿ ಎಷ್ಟಿಲ್ಲ?
ನಮ್ಮ ಓಣಿಯ ದರ್ಜಿ, ಕರೆಂಟು ಬಿಲ್ಲಿನ ಹುಡುಗ,
ಒಮ್ಮೊಮ್ಮೆ ನಾನೂ.
ನಕಲನ್ನು ಮಡಚಿದೆ, ಹದಿಮೂರು ಒಳಗಾಗುವ ಹಾಗೆ.
ಅವರ ಹೆಬ್ಬೆರಳು ನೋಡಿದೆ:
ಉಗುರಿನ ಸಂದಿಯಲ್ಲಿ ಇನ್ನೂ ಕೆಂಪು.

ಟವೆಲಿನ ಒಡೆಯರು ಬಂದರು, ಬಾಯಲ್ಲಿ ಏಲಕ್ಕಿ.
"ಮೆಹಜಬೀನ್ ಅಂದ್ರೆ ನೀನೇನಮ್ಮ? ಎಷ್ಟು ಹಾಳೆ ಲಗತ್ತು?"
ಅರ್ಜಿ, ಚಲನ್, ನಕಲು ಎಲ್ಲ ಒಟ್ಟು ಮಾಡಿ
ನಾಲಿಗೆಗೆ ಬೆರಳು ಮುಟ್ಟಿಸಿ ಎಣಿಸತೊಡಗಿದರು,
ಒಂದು, ಎರಡು, ಮೂರು, ನಾಲ್ಕು...

"ಸಾರ್, ಎರಡು ಒಟ್ಟಿಗೆ ಹೋದವು!"
ಅಂದೆವು ನಾನೂ ತಿಪ್ಪೇರುದ್ರಪ್ಪನವರೂ
ಒಂದೇ ಉಸಿರಿಗೆ.

ಅವರು ತಲೆಯೆತ್ತಿ ನಮ್ಮಿಬ್ಬರನ್ನೂ ನೋಡಿ,
ಬೆರಳನ್ನು ಮತ್ತೆ ನಾಲಿಗೆಗೊತ್ತಿ,
ಮೊದಲಿಂದ ಶುರು ಮಾಡಿದರು.